ಅತ್ತೆಯ ಎದುರು ಹಾಕಿಕೊಂಡ ಹನಿ

ಆಗೆಲ್ಲ ನಮಗೆ ಜನವರಿ ಎಂದರೆ ಟೆರೇಸಿನ ಮೇಲೆ ಕಳೆಯುವ ತಿಂಗಳು. ವಡೋದರಾದ ಅಲ್ಕಾಪುರಿಯಲ್ಲಿ ಅಪ್ಪನ ಉಡುಪಿ ಹೋಟೆಲು, ಅದರ ಮೇಲೆಯೇ ಮನೆ. ಕೆಳಗಿನಿಂದ ಸಾಂಬಾರಿನ ಪರಿಮಳ, ಪಕ್ಕದ ಟೆರೇಸಿನಿಂದ ಊಂಧಿಯೂ ಎಂಬ ಗುಜರಾತಿ ಪಲ್ಯದ ಹಸಿ ಬೆಳ್ಳುಳ್ಳಿ ವಾಸನೆ. ಬೆರಳ ತುಂಬ ಗಾಳಿಪಟದ ದಾರ ಕೊಯ್ದ ಗೀರುಗಳು, ಬಾಯಲ್ಲಿ ಎಳ್ಳಿನ ಚಿಕ್ಕಿ.

ಏಳನೆಯ ತರಗತಿಗೆ ಕಾಲಿಟ್ಟಾಗ ನನಗೆ ಗ್ಲಾಕೋಮಾ ಎಂದು ಗೊತ್ತಾಗಿತ್ತು. ಕಣ್ಣಿನೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತದೆ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಹನಿ ಮದ್ದು ಹಾಕಿ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ರಕ್ತಸಂಬಂಧದಲ್ಲಿ ಬರುವ ಕಾಯಿಲೆ, ಮನೆಯವರೆಲ್ಲ ಕಣ್ಣು ತೋರಿಸಿಕೊಳ್ಳಿ ಎಂದೂ ಹೇಳಿದರು. ಅಪ್ಪ ತೋರಿಸಿಕೊಂಡ, ಅವನಿಗೆ ಏನೂ ಇರಲಿಲ್ಲ. ಉಳಿದವರಿಗೆ ಹೇಳಲು ಅಮ್ಮ ಬಿಡಲಿಲ್ಲ. ಹುಡುಗಿಯ ಕಣ್ಣಿನ ಸುದ್ದಿ ಊರಿಗೆ ಮುಟ್ಟಿದರೆ ಮುಂದೆ ಮದುವೆ ಹೇಗೆ ಎಂಬ ಭಯ ಅವಳಿಗೆ. ನೆಂಟರು ಬಂದರೆ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಮದ್ದು ಬಿಟ್ಟುಕೊಳ್ಳಬೇಕಿತ್ತು. ಕಣ್ಣು ಉರಿಯುತ್ತಿತ್ತು, ಗಂಟಲಿಗೆ ಕಹಿ ಇಳಿಯುತ್ತಿತ್ತು. ಅದಕ್ಕಿಂತ ಆ ಚಿಲಕದ ಮೇಲೆಯೇ ನನಗೆ ಹೆಚ್ಚು ಸಿಟ್ಟು.

ಸಂಕ್ರಾಂತಿಯ ಗಾಳಿಪಟದ ಹಬ್ಬ ಉತ್ತರಾಯಣಕ್ಕೆ ಸೂರತ್ತಿನಿಂದ ಅಪ್ಪನ ಅಕ್ಕ ಬಂದರು. ಅಲ್ಲಿ ಅವರದೂ ಒಂದು ಹೋಟೆಲು. ಸಂಜೆ ಎಲ್ಲರೂ ಟೆರೇಸಿನ ಮೇಲಿದ್ದೆವು, ಆಕಾಶದ ತುಂಬ ಪಟಗಳು, ನನ್ನ ಮದ್ದಿನ ಹೊತ್ತು. ಅಮ್ಮ ಕಣ್ಣಲ್ಲೇ ಮೆಟ್ಟಿಲು ತೋರಿಸಿದಳು. ಅಷ್ಟರಲ್ಲಿ ಅತ್ತೆ ನನ್ನ ಗಲ್ಲ ಹಿಡಿದು, ರೆಪ್ಪೆ ಎಷ್ಟು ಉದ್ದ, ಏನು ಹಚ್ಚುತ್ತೀ ಎಂದು ಕೇಳಿದರು. ಹರಳೆಣ್ಣೆ ಎಂದಳು ಅಮ್ಮ.

ನಾನು ಜೇಬಿನಿಂದ ಬಾಟಲಿ ತೆಗೆದೆ. ಎಲ್ಲರೂ ನೋಡುತ್ತಿದ್ದಂತೆ ಮುಖ ಮೇಲೆತ್ತಿ ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಮದ್ದು ಗಂಟಲಿಗೆ ಇಳಿಯದಂತೆ ಮೂಗಿನ ಬುಡ ಒತ್ತಿ ಹಿಡಿದೆ.

"ಎಣ್ಣೆ ಅಲ್ಲ ಅತ್ತೆ, ರೆಪ್ಪೆ ಈ ಮದ್ದಿಂದ ಬೆಳೆದದ್ದು. ನಂಗೆ ಗ್ಲಾಕೋಮಾ ಉಂಟು. ಇನ್ನು ನಾನು ಬಚ್ಚಲಲ್ಲಿ ಅಡಗಿ ಹಾಕುದಿಲ್ಲ."

"ಸುಮ್ಮನಿರು," ಎಂದಳು ಅಮ್ಮ.

"ಇರುದಿಲ್ಲ."

ಅತ್ತೆ ಬೈಯಲಿಲ್ಲ. ಅದು ಬಂದರೆ ಏನಾಗುತ್ತದೆ ಎಂದು ಮೆಲ್ಲಗೆ ಕೇಳಿದರು. ನೋವೇ ಇರುವುದಿಲ್ಲ, ಬದಿಯ ನೋಟ ಮೊದಲು ಹೋಗುತ್ತದೆ ಎಂದೆ. ಅವರು ಕೈಯಲ್ಲಿದ್ದ ಚಿಕ್ಕಿ ಕೆಳಗಿಟ್ಟರು.

"ನಂಗೆ ಎಡಗಡೆಯಿಂದ ಬಂದವರು ಕಾಣುದೇ ಇಲ್ಲ ಮಗಾ. ಪ್ರಾಯ ಆಯ್ತು ಅಂತ ಸುಮ್ಮನಿದ್ದೆ."

ಆ ವಾರವೇ ಪರೀಕ್ಷೆ ಆಯಿತು. ಅತ್ತೆಗೂ ಅದೇ ಕಾಯಿಲೆ, ಎಡಗಣ್ಣು ಬಹುಪಾಲು ಹೋಗಿತ್ತು. ಬಲಗಣ್ಣನ್ನು ಹನಿ ಮದ್ದು ಉಳಿಸಿತು. ಆಮೇಲೆ ಅತ್ತೆ ಸೂರತ್ತಿನ ಹೋಟೆಲಿನ ಗಲ್ಲಾದಲ್ಲಿ ಕೂತು, ಗಿರಾಕಿಗಳ ಎದುರೇ ಮದ್ದು ಹಾಕಿಕೊಳ್ಳುತ್ತಿದ್ದರು. ಯಾರಾದರೂ ಕೇಳಿದರೆ, ನೀವೂ ಒಮ್ಮೆ ತೋರಿಸಿಕೊಳ್ಳಿ ಎಂದು ಗುಜರಾತಿಯಲ್ಲಿ ಗದರುತ್ತಿದ್ದರು. ಅಮ್ಮ ಮತ್ತೆಂದೂ ನನ್ನನ್ನು ಬಚ್ಚಲಿಗೆ ಕಳಿಸಲಿಲ್ಲ.

ಈಗ ಅತ್ತೆ ಇಲ್ಲ, ಅಪ್ಪನ ಹೋಟೆಲೂ ಇಲ್ಲ. ನನ್ನ ದೃಷ್ಟಿಯ ಅಂಚೂ ಸ್ವಲ್ಪ ಸವೆದಿದೆ. ಅದು ಕಾಯಿಲೆ ಒಯ್ದದ್ದು, ಅದರ ಲೆಕ್ಕ ಬೇರೆ. ಆದರೆ ನಾವು ಬಾಯಿ ಮುಚ್ಚಿಕೊಂಡಿದ್ದ ಆ ತಿಂಗಳುಗಳಲ್ಲಿ ಅತ್ತೆಯ ಎಡಗಣ್ಣು ಎಷ್ಟು ಉಳಿಯಬಹುದಿತ್ತೋ, ಯಾರಿಗೂ ಗೊತ್ತಿಲ್ಲ. ಅದನ್ನು ಹಣೆಬರಹ ಎಂದು ಈಗಲೂ ಸಮಾಧಾನ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ.