ಬೊಂಬಾಯಿ ಕಣಕ್ಕೆ ಹೋದ ಅಂಗಡಿ ಅವ್ವ

ಅಂಗಡಿ ಅವ್ವನ ಬಲಗಿವಿಯ ಅಂಚಿಗೆ ಯಾವಾಗಲೂ ಒಂದಿಷ್ಟು ತುಕ್ಕು ಮೆತ್ತಿಕೊಂಡಿರುತ್ತಿತ್ತು. ಲಿಂಗಸುಗೂರಿನ ಬಜಾರಿನಲ್ಲಿ ಅವಳದು ಕಬ್ಬಿಣದ ಅಂಗಡಿ. ನೇಗಿಲ ಕುಳಕ್ಕೆ ಬೇಕಾಗುವ ಪಟ್ಟಿಯಾಗಲಿ, ಬಂಡಿಗಾಲಿಯ ಹಳಿಯಾಗಲಿ, ಮಾರುವ ಮುಂಚೆ ಒಂದು ತುದಿಯಲ್ಲಿ ಎತ್ತಿ ಹಿಡಿದು, ಗೇಣುದ್ದದ ಸುತ್ತಿಗೆಯಿಂದ ಬಡಿದು, ಕಿವಿಗೆ ಹಚ್ಚಿಕೊಳ್ಳುತ್ತಿದ್ದಳು. ಖಣ್ ಎಂದರೆ ಗಿರಾಕಿಗೆ, ಬದ್ ಎಂದರೆ ಮೂಲೆಗೆ. ಮೂವತ್ತು ವರ್ಷ ಹೀಗೆ ಕಬ್ಬಿಣದ ಮಾತು ಕೇಳಿದ ಕಿವಿ ಅದು. ಮನುಷ್ಯರ ಮಾತಿಗೆ ಮಾತ್ರ ಅವಳು ಎಡಗಿವಿ ಕೊಡುತ್ತಿದ್ದಳು.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, ಕನ್ನಡ ಕಲಿಸುವವರು ಬೇಕೆಂದು ಧಾರವಾಡದ ಕಡೆಯಿಂದ ನನ್ನನ್ನು ಅಲ್ಲಿಯ ಹೆಣ್ಣುಮಕ್ಕಳ ಶಾಲೆಗೆ ಹಾಕಿದ್ದರು. ಅಂಗಡಿಯ ಹಿಂದಿನ ಖೋಲಿಯಲ್ಲಿ ನನ್ನ ವಾಸ. ಅವ್ವ ವಿಧವೆ; ಒಬ್ಬಳೇ ಮಗಳನ್ನು ಮಸ್ಕಿಗೆ ಕೊಟ್ಟಿದ್ದಳು. ನಾನು ಮೊದಮೊದಲು ನನ್ನ ಪುಸ್ತಕ, ನನ್ನ ಬಾಗಿಲು ಎಂದು ಗತ್ತಿನಲ್ಲೇ ಇದ್ದೆ. ಆದರೆ ಊರಿಗೆ ಬಂದಾಕಿ ನೀರಿಗೆ ಬರದೆ ಇರುತ್ತಾಳೆಯೇ? ಹದಿನೈದು ದಿನದಲ್ಲಿ ಅವಳ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ ತಿನ್ನತೊಡಗಿದೆ. "ಅಕ್ಕೋರ" ಎನ್ನುತ್ತಿದ್ದವಳು "ತಂಗಿ" ಎಂದಳು, "ರೀ" ಬಿಟ್ಟು "ನೀ" ಎಂದಳು.

ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಗಾಜು ಹಾಕಿಸಿದ ಒಂದು ಹಸಿರು ಕಾಗದ ಇತ್ತು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ. ಯಾವ ದೇವರೆಂದು ಕೇಳಿದೆ.

"ದೇವರಲ್ಲ ಬಿಡು. ಅದು ನನ್ನ ಪಾಲು" ಎಂದಳು.

ಹತ್ತಿರ ಹೋಗಿ ಓದಿದರೆ, ದೊಡ್ಡದೊಂದು ಉಕ್ಕಿನ ಕಂಪನಿಯ ಷೇರು. ಒಂದೇ ಒಂದು. ಅವಳ ಗಂಡ ಸರಕಿಗೆಂದು ಬೊಂಬಾಯಿಗೆ ಹೋದಾಗ ಯಾರೋ ವ್ಯಾಪಾರಿ, "ಇವರ ಕಬ್ಬಿಣವನ್ನೇ ಮಾರುತ್ತೀಯಲ್ಲ, ಇವರಲ್ಲೊಂದು ಪಾಲೂ ಇಟ್ಟುಕೋ" ಎಂದು ಕೊಡಿಸಿದ್ದನಂತೆ. ಗಂಡ ತೀರಿದ ಮೇಲೆ ವಕೀಲರನ್ನು ಹಿಡಿದು ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಳು. ಕಂಪನಿಯಿಂದ ವರ್ಷಕ್ಕೊಮ್ಮೆ ಬರುವ ಇಂಗ್ಲಿಷ್ ಕಾಗದಗಳನ್ನು ಓದುವವರಿಲ್ಲದೆ ಒಂದು ತಗಡಿನ ಡಬ್ಬಿಯಲ್ಲಿ ಪೇರಿಸಿಟ್ಟಿದ್ದಳು.

ಅವನ್ನು ಓದಿ ಹೇಳುವ ಕೆಲಸ ನನ್ನ ಕೊರಳಿಗೆ ಬಿತ್ತು. ಷೇರುದಾರರ ವಾರ್ಷಿಕ ಸಭೆಗೆ ಬರಬೇಕೆಂದು ಕರೆದಿದ್ದಾರೆ, ಅಲ್ಲಿ ವರ್ಷದ ಹುಟ್ಟುವಳಿ ಎಷ್ಟು, ಯಾರಿಗೆ ಎಷ್ಟು ಎಂಬುದನ್ನು ಮುಂದಿಡುತ್ತಾರೆ ಎಂದೆ. ಅವ್ವನ ಮುಖದ ಬಣ್ಣವೇ ಬದಲಾಯಿತು.

"ಅಂದ್ರ ರಾಶಿ ಅಳೀತಾರ ಅನ್ನು."

"ಹಾಂಗ ಅನ್ಕೋಬಹುದು."

"ಅಯ್ಯ ಶಿವನ, ಇಷ್ಟು ವರ್ಷ ಕರದಾರ, ನಾ ಹೋಗೇ ಇಲ್ಲ. ಪಾಲಿನಾಕಿ ಬರಲಾರದ ರಾಶಿ ಹ್ಯಾಂಗ ಅಳದಿರಬೇಕು ಅವರು? ಎಷ್ಟು ಹೊತ್ತು ಕಾದಿರಬೇಕು?"

ಆ ಸೀಮೆಯ ರೀತಿಯೇ ಹಾಗೆ. ಪಾಲಿಗೆ ಹಾಕಿದ ಹೊಲದ ಜೋಳ ಕಣದಲ್ಲಿ ರಾಶಿಯಾದಾಗ ಪಾಲುದಾರರೆಲ್ಲ ಬಂದು ನಿಲ್ಲುವವರೆಗೆ ಯಾರೂ ಅಳತೆಗೆ ಕೈ ಹಾಕುವುದಿಲ್ಲ. ಬಂದವರು ಚಪ್ಪಲಿಯನ್ನು ಕಣದ ಹೊರಗೆ ಬಿಡುತ್ತಾರೆ. ಮೊದಲ ಅಳತೆಗೆ 'ಒಂದು' ಎನ್ನದೆ 'ಲಾಭ' ಎನ್ನುತ್ತಾರೆ. ನನಗೆ ನಗು ತಡೆಯಲಾಗಲಿಲ್ಲ. ಆ ಕಂಪನಿಯಲ್ಲಿ ವಿಮಾ ಕಂಪನಿಗಳು, ಬ್ಯಾಂಕುಗಳು, ಸಾವಿರಗಟ್ಟಲೆ ಷೇರು ಇಟ್ಟುಕೊಂಡ ಸಾಹುಕಾರರು ಇದ್ದಾರೆ, ನಿನ್ನ ಒಂದಕ್ಕೆ ಯಾರು ಕಾಯುತ್ತಾರೆ ಎಂದುಬಿಟ್ಟೆ.

"ಆನಿ ಭಾರ ಆನಿಗೆ, ಇರಿವಿ ಭಾರ ಇರಿವಿಗೆ. ಕಣದಾಗ ಎಲ್ಲಾರೂ ನೆಲದ ಮ್ಯಾಲೇ ನಿಂದ್ರತಾರ" ಎಂದು ಬಾಯಿ ಮುಚ್ಚಿಸಿದಳು.

ಬರಲಾಗದವರು ತಮ್ಮ ಪರವಾಗಿ ಇನ್ನೊಬ್ಬರನ್ನು ನೇಮಿಸಬಹುದೆಂಬ ಚೀಟಿಯೂ ಜೊತೆಗಿತ್ತು. ಅದರಲ್ಲಿ ಕಂಪನಿಯ ಅಧ್ಯಕ್ಷರ ಹೆಸರನ್ನೇ ಅಚ್ಚು ಹಾಕಿದ್ದರು. ಸಹಿ ಮಾಡಿಬಿಡು, ಮುಗಿಯಿತು ಎಂದೆ. ಅವನು ಯಾರೆಂದು ಕೇಳಿ ತಿಳಿದುಕೊಂಡು ಅವ್ವ ನನ್ನನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದಳು.

"ರಾಶಿ ಅಳಿಯಾವನ ಕೈಯಾಗ ನನ್ನ ಪಾಲು ಕೊಟ್ಟು ಮನಿಯಾಗ ಕುಂದ್ರಲೇನು? ಮಾಸ್ತರಕಿ ಮಾಡ್ತಿ, ಇಷ್ಟು ತಿಳಿಯಂಗಿಲ್ಲ?"

ಇಂಗ್ಲಿಷ್ ಕಲಿತ ನನಗೆ ಅದು ನಿಜಕ್ಕೂ ಹೊಳೆದಿರಲಿಲ್ಲ.

ಅದಾದ ಮರುವರ್ಷದ ಮುಂಗಾರಿನಲ್ಲಿ ಅವಳಿಗೆ ಪೆಟ್ಟು ಬಿತ್ತು. ಆ ಸಲ ಬಂದ ಕುಳದ ಪಟ್ಟಿಗಳು ಅವಳ ಕಿವಿಗೆ ಸರಿಯಾಗಿಯೇ ನುಡಿದಿದ್ದವು. ಹೊಲಕ್ಕಿಳಿದ ಮೇಲೆ ಒಂದೊಂದಾಗಿ ಸೀಳಿದವು. ಮುದಗಲ್ಲಿನಿಂದ ಒಬ್ಬ ರೈತ ಬಂಡಿ ಕಟ್ಟಿಕೊಂಡು ಬಂದು, ಎರಡು ತುಂಡನ್ನು ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. ಬೈಯಲಿಲ್ಲ.

"ನೀವು ಕೇಳಿ ಕೊಟ್ಟದ್ದು ಮುರೀತಲ್ರೀ ಅವ್ವಾರ" ಎಂದಷ್ಟೇ ಅಂದ.

ಅವ್ವ ಆ ದಿನ ಉಣ್ಣಲಿಲ್ಲ. ಮುರಿದದ್ದಕ್ಕೆಲ್ಲ ಹಳೆಯ ದಾಸ್ತಾನಿನಿಂದ ಬೇರೆ ಕೊಟ್ಟಳು. ಅದೂ ತೀರುತ್ತ ಬಂತು. ರಾಯಚೂರಿನ ಸಗಟು ವ್ಯಾಪಾರಿ, ಇದು ಕಂಪನಿಯ ಮುದ್ರೆ ಇರುವ ಮಾಲು, ನನ್ನನ್ನೇನು ಕೇಳುತ್ತೀರಿ ಎಂದ. ಮೂವತ್ತು ವರ್ಷದ ಅವಳ ಕಿವಿಯ ಮಾತನ್ನು ಇನ್ನು ಯಾರು ನಂಬಬೇಕು? ಅವಳಿಗೆ ಇದ್ದ ಆಸ್ತಿ ಅದೊಂದೇ.

"ಕಂಪನಿ ಯಾರದು? ನಂದೂ ಹೌದು. ನಮ್ಮ ಕಬ್ಬಿಣ ಹೊಲದಾಗ ಮುರದೈತಿ, ಹೋಗಿ ಕೇಳಬೇಕು" ಎಂದಳು.

ಹೀಗೆ ಆ ವರ್ಷದ ಸಭೆಗೆ ನಾವಿಬ್ಬರೂ ಬೊಂಬಾಯಿಗೆ ಹೊರಟೆವು. ನಾನು ರಜೆ ಹಾಕಿದೆ. ರಾಯಚೂರಿನವರೆಗೆ ಬಸ್ಸು, ಅಲ್ಲಿಂದ ರೈಲು. ಗಂಟಿನಲ್ಲಿ ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಹಳೆಯ ಪಟ್ಟಿಯ ಒಂದು ತುಂಡು, ಸೀಳಿದ ಒಂದು ತುಂಡು, ಮತ್ತು ಆ ಸುತ್ತಿಗೆ.

ಸಭಾಭವನದ ಬಾಗಿಲಲ್ಲಿ ಅವ್ವ ಚಪ್ಪಲಿ ಬಿಟ್ಟಳು. ಸೂಟು ಬೂಟಿನವರು ತಿರುಗಿ ತಿರುಗಿ ನೋಡುತ್ತಿದ್ದರು. ನನಗೆ ನಾಚಿಕೆಯಾಯಿತು, ಇವತ್ತು ಆ ನಾಚಿಕೆಗೇ ನಾಚುತ್ತೇನೆ. ಷೇರು ಇಲ್ಲದ ನಾನು ಹೊರಗಿನ ಬೆಂಚಿನ ಮೇಲೆ ಕೂತೆ. ಬಹಳ ಹೊತ್ತು ಒಳಗಿಂದ ಇಂಗ್ಲಿಷ್ ಭಾಷಣ ಕೇಳುತ್ತಿತ್ತು. ಆಮೇಲೆ ಅವ್ವನ ಕಬ್ಬಿಣದಂಗಡಿಯ ದಖ್ಖನಿ ಉರ್ದು. ಅದರ ಹಿಂದೆಯೇ ಖಣ್ ಎಂದಿತು. ಸ್ವಲ್ಪ ತಡೆದು ಮತ್ತೆ ಖಣ್ ಎಂದಿತು.

ಒಳಗೆ ನಡೆದದ್ದನ್ನು ಅವಳು ರೈಲಿನಲ್ಲಿ ಹೇಳಿದಳು. "ಎರಡೂ ಬಡದು ತೋರಿಸಿದೆ. ಎರಡೂ ಒಂದ ಥರ ನುಡೀತಾವ, ಒಂದು ನಿಂದರತೈತಿ, ಒಂದು ಮುರೀತೈತಿ, ನನ್ನ ಕಿವಿಗೆ ಮೋಸ ಆಗೈತಿ, ಯಾಕಂತ ಹೇಳ್ರಿ ಅಂದೆ. ಮೊದಲು ಒಬ್ಬಿಬ್ಬರು ನಕ್ಕರು. ಮುಂದ ಕುಂತಿದ್ದ ಒಬ್ಬ ದೊಡ್ಡ ಪಾಲಿನಾವ ಎದ್ದು ನಿಂತ. ಈ ಅಮ್ಮನ ಪ್ರಶ್ನಿ ನಮ್ಮದೂ ಹೌದು, ಜವಾಬು ಬರಕೊಡ್ರಿ ಅಂದ. ಆಮ್ಯಾಲೆ ಯಾರೂ ನಗಲಿಲ್ಲ."

ಆ ಮನುಷ್ಯ ಸಭೆ ಮುಗಿದ ಮೇಲೆ ಹೊರಗೆ ಬಂದು ನನ್ನೊಡನೆ ಮರಾಠಿಯಲ್ಲಿ ಮಾತಾಡಿದ್ದ. ಒಂದು ವಿಮಾ ಕಂಪನಿಯ ಪರವಾಗಿ ಬರುವವನು. ವರ್ಷ ವರ್ಷ ಬಂದು ಅಚ್ಚು ಹಾಕಿದ ಹಾಳೆ ನೋಡಿ ಕೈ ಎತ್ತಿ ಹೋಗುತ್ತಿದ್ದೆ, ಕಬ್ಬಿಣ ನೋಡಿದ್ದು ಇವತ್ತೇ ಎಂದ. ಅವನ ಕಂಪನಿಯ ಹೆಸರು ಕೇಳಿ ನನಗೆ ಆಶ್ಚರ್ಯ. ನನ್ನ ಅಪ್ಪ ನನ್ನ ಹೆಸರಿನಲ್ಲಿ ಪಾಲಿಸಿ ಮಾಡಿಸಿದ್ದು ಅಲ್ಲಿಯೇ. ಚಪ್ಪಲಿ ತೆಗೆದುಕೊಳ್ಳಲು ಹೋದರೆ ಅವ್ವನ ಚಪ್ಪಲಿಯ ಪಕ್ಕದಲ್ಲಿ ಇನ್ನೂ ನಾಲ್ಕು ಜೊತೆ ಇದ್ದವು. ಅವಳ ಚಪ್ಪಲಿ ನೋಡಿ, ಇಲ್ಲಿ ಬಿಡುವ ಪದ್ಧತಿ ಇರಬೇಕೆಂದು ತಾವೂ ಬಿಟ್ಟವರವು.

ವಿಮೆಯೆಂದರೆ ಏನು, ನನ್ನಂಥವರು ಕಟ್ಟಿದ ದುಡ್ಡಿನಿಂದಲೇ ಅವರು ಷೇರು ಕೊಳ್ಳುವುದು ಹೇಗೆ ಎಂದು ರೈಲಿನಲ್ಲಿ ಅವ್ವನಿಗೆ ವಿವರಿಸಿದೆ. ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಅಂದ್ರ ನೀನೂ ಪಾಲಿನಾಕಿ. ಮತ್ತ ಹೊರಗ ಯಾಕ ಕುಂತಿದ್ದಿ? ಅದೂ ಚಪ್ಪಲಿ ಹಾಕ್ಕೊಂಡು."

ಎರಡು ತಿಂಗಳಿಗೆ ಕಂಪನಿಯ ಕಾಗದ ಬಂತು: ಆ ಸಲದ ಎರಕದಲ್ಲಿ ದೋಷವಿತ್ತು, ಬೇರೆ ಮಾಲು ಕಳಿಸುತ್ತಿದ್ದೇವೆ ಎಂದು. ಮಾಲೂ ಬಂತು. ಅವ್ವ ಮುದಗಲ್ಲಿನ ರೈತನಿಗೆ ಹೇಳಿ ಕಳಿಸಿ, ಹೊಸ ಪಟ್ಟಿಯನ್ನು ಬಡಿದು ಅವನ ಕಿವಿಗೆ ಹಿಡಿದಳು. ಅವನು ಕೇಳಲಿಲ್ಲ, ಅವಳ ಕಡೆಗೇ ತಳ್ಳಿದ.

"ನೀವು ಕೇಳ್ರಿ, ಸಾಕು" ಎಂದ.

ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮತ್ತೆ ಅವಳು ಬೊಂಬಾಯಿಗೆ ಹೋಗಲಿಲ್ಲ, ಮೊಣಕಾಲು ಬಿಡಲಿಲ್ಲ. ಆದರೆ ಸಭೆಯ ದಿನ ಮಧ್ಯಾಹ್ನದವರೆಗೆ ಅಂಗಡಿ ತೆರೆಯುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಆ ಹಸಿರು ಕಾಗದದ ಮುಂದೆ ಕೂರುತ್ತಿದ್ದಳು. "ತಂಗಿ, ನೀನೂ ಬಿಡು" ಎನ್ನುತ್ತಿದ್ದಳು. ಶಾಲೆಗೆ ಹೊತ್ತಾಯಿತೆಂದು ನಾನು ಚಪ್ಪಲಿ ಮೆಟ್ಟಿಕೊಂಡೇ ಓಡುತ್ತಿದ್ದೆ. ವಿಮಾ ಕಂಪನಿಗಳನ್ನೆಲ್ಲ ಸರ್ಕಾರ ವಹಿಸಿಕೊಂಡ ಸುದ್ದಿ ಓದಿ ಹೇಳಿದಾಗ, "ಹಂಗಾರ ಸರಕಾರನೂ ನನ್ನ ಪಾಲುದಾರ ಆತು. ಬರಲಿ, ಚಪ್ಪಲಿ ಹೊರಗ ಬಿಟ್ಟು ಬರಲಿ" ಎಂದು ನಕ್ಕಳು.

ಅದೇ ವರ್ಷ ನಾಲ್ಕು ದಿನದ ಜ್ವರದಲ್ಲಿ ಹೋದಳು. ಮಸ್ಕಿಯ ಮಗಳು ಬಂದು ಆ ಗಾಜಿನ ಚೌಕಟ್ಟನ್ನು ಸೀರೆಯಲ್ಲಿ ಸುತ್ತಿ ಎದೆಗವಚಿಕೊಂಡು ಒಯ್ದಳು. ಸುತ್ತಿಗೆಯನ್ನು ನನಗೆ ಬಿಟ್ಟಳು. ಮುಂದಿನ ವಾರ ಸಭೆಯ ಕಾಗದ ಎಂದಿನಂತೆ ಬಂತು, ಅವ್ವನ ಹೆಸರಿಗೆ.

ಸಭೆಯ ದಿನ ನಾನು ತರಗತಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು, "ಯಾಕ್ರೀ ಅಕ್ಕೋರ, ಚಪ್ಪಲಿ ಹೊರಗ ಬಿಟ್ಟೀರಿ?" ಎಂದು ಕೇಳಿದಳು.

"ಇವತ್ತು ರಾಶಿ ಅಳ್ಯಾಕತ್ತಾರವಾ. ಅದರಾಗ ನಂದೂ ಒಂದು ಪಾಲೈತಿ" ಎಂದೆ.