ಆಟೋದಲ್ಲಿ ಬಿಡಿಸಿದ ವ್ಯಾಕರಣ

ನಾರಾಯಣಖೇಡದ ಶಾಲೆಯಲ್ಲಿ ನಾನು ಇಂಗ್ಲಿಷ್ ಮಾಸ್ತರ. ಫೈನೈಟ್, ನಾನ್-ಫೈನೈಟ್ ಕ್ರಿಯಾಪದಗಳನ್ನು ಮೂರು ದಿನ ಕಲಿಸಿದರೂ ಹತ್ತನೇ ಕ್ಲಾಸಿನ ಲಕ್ಷ್ಮಿಯ ತಲೆಗೆ ಹತ್ತಿರಲಿಲ್ಲ. ಒಂದು ಸಂಜೆ ಮನೂರಿಗೆ ಹೋಗುವ ಆಟೋದಲ್ಲಿ ಅವಳೂ, ಕುರಿ ಸಾಕುವ ಅವಳ ಅಜ್ಜಿಯೂ ನನ್ನೆದುರೇ ಕೂತಿದ್ದರು. ನಾನು ಅಲ್ಲೂ ಲಕ್ಷ್ಮಿಗೆ ಪಾಠ ಬಿಡಲಿಲ್ಲ.

"ನೋಡವ್ವಾ, 'ವೆಂಟ್' ಫೈನೈಟ್, 'ಹ್ಯಾವಿಂಗ್ ಗಾನ್' ನಾನ್-ಫೈನೈಟ್."

"ಹಂಗಂದ್ರ ಏನ್ರಿ ಸರ?" ಅಜ್ಜಿ ಕೇಳಿದಳು.

"ಎರಡೂ ಹೋಗೂದರ ಮಾತೇ. ಒಂದು ಮಾತು ಮುಗಸ್ತದ, ಇನ್ನೊಂದು ಮುಗಸಂಗಿಲ್ಲ."

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ನಿಮ್ಮವ್ವ ಹೊಲಕ್ಕ ಹೋಗಿ, ಅಂತ ನಾ ಸುಮ್ನಾದ್ರ ಏನ್ ಕೇಳ್ತಿ?"

"ಹೋಗಿ ಏನ್ ಮಾಡಿದ್ಳು ಅಂತ."

"ಹೋದ್ಳು ಅಂದ್ರ?"

"ಆತು, ಮುಗೀತು," ಎಂದ ಲಕ್ಷ್ಮಿ ಥಟ್ಟನೆ ನನ್ನತ್ತ ನೋಡಿದಳು. "ತಿಳೀತ್ರಿ ಸರ. 'ಹ್ಯಾವಿಂಗ್ ಗಾನ್' ಅಂದ್ರ ಮಾತು ಇನ್ನಾ ಬಾಕಿ ಅದ."

ಆ ಕಣ್ಣಿನ ಹೊಳಪು ನನ್ನ ಕ್ಲಾಸಿನಲ್ಲಿ ಒಂದು ದಿನವೂ ಕಂಡಿರಲಿಲ್ಲ. ಓದು ಬರಹ ಬಾರದ ಆ ಮುದುಕಿಯನ್ನು ಕಂಡು ನನಗೆ ಹೊಟ್ಟೆ ಉರಿಯಿತು.

ಮರುದಿನ ಅಜ್ಜಿಯ ಮಾತನ್ನೇ ನನ್ನದೆಂಬಂತೆ ಹೇಳಿ ಇಡೀ ಕ್ಲಾಸಿಗೆ ತಿಳಿಸಿದೆ. ಬಾಗಿಲಲ್ಲಿ ನಿಂತು ಕೇಳಿದ ಹೆಡ್ ಮಾಸ್ತರರು, "ಭಾಳ ಚಲೋ ಕಲಿಸ್ತೀರಿ," ಎಂದರು. ನಾನು ವಿನಯದಿಂದ ಕೈ ಮುಗಿದೆ. ಲಕ್ಷ್ಮಿಯ ಬೆಂಚಿನತ್ತ ಮಾತ್ರ ನೋಡಲಿಲ್ಲ.