ಭಾವನ ಕತ್ತರಿ

ನಮ್ಮ ಭಾವ ಊರಿಗೇ ಹೆಸರಾದ ದರ್ಜಿ. ಬಟ್ಟೆಯಲ್ಲಿ ಒಂದು ನೂಲು ಹೊರಗೆ ಕಂಡರೂ ಕತ್ತರಿಸದೆ ಬಿಡುವ ಆಸಾಮಿಯಲ್ಲ. ಆ ಚಟ ಅಂಗಡಿಯಲ್ಲೇ ಇದ್ದಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ.

ಅಕ್ಕ ಮನೆಮುಂದೆ ಒಂದು ಪುಟ್ಟ ಹೂವಿನ ಮರ ನೆಟ್ಟು ಎಂಟು ವರ್ಷವಾಯಿತು. ಚಳಿಗಾಲದಲ್ಲಿ ಅದರ ಎಲೆಯೆಲ್ಲ ಉದುರಿ, ಬೋಳು ಕೊಂಬೆಗಳ ತುದಿಯಲ್ಲಿ ಸಣ್ಣ ಸಣ್ಣ ಗಂಟುಗಳು ಏಳುತ್ತವೆ. ಗಂಟು ಕಂಡರೆ ಭಾವನಿಗೆ ಕೈ ತುರಿಸುತ್ತದೆ. ಪ್ರತಿವರ್ಷ ಸ್ಟೂಲ್ ಹತ್ತಿ, ಅಳತೆಪಟ್ಟಿ ಹಿಡಿದು, ಎಲ್ಲ ತುದಿಗಳನ್ನೂ ಒಂದೇ ಮಟ್ಟಕ್ಕೆ ಕತ್ತರಿಸುತ್ತಾನೆ.

“ಅವು ಮೊಗ್ಗು ಕಣ್ರೀ, ಬಿಟ್ಬಿಡಿ,” ಎಂದು ಅಕ್ಕ ಪ್ರತಿ ಸಲ ಅಂಗಲಾಚುತ್ತಾಳೆ.

“ನಿಂಗೇನು ಗೊತ್ತು, ಸುಮ್ನಿರು.”

ಆಮೇಲೆ ಬೇಸಿಗೆಯಿಡೀ ಅದೇ ಮರದ ಕೆಳಗೆ ನಿಂತು, “ದರಿದ್ರ ಮರ, ಒಂದು ಹೂ ಬಿಟ್ಟಿಲ್ಲ,” ಎಂದು ಉಗಿಯುತ್ತಾನೆ. ಮಹಡಿಯ ಮೇಲಿರುವ ನನಗೆ ಅದನ್ನು ಕೇಳಿ ಕೇಳಿ ವಾಕರಿಕೆ ಬಂದಿದೆ.

ಈ ವರ್ಷ ಒಂದು ಕೊಂಬೆ ಕಾಂಪೌಂಡು ದಾಟಿ ಪಕ್ಕದ ಮನೆಯತ್ತ ಚಾಚಿತು. ಅಲ್ಲಿಗೆ ಅವನ ಕತ್ತರಿ ಎಟುಕಲಿಲ್ಲ. ಆ ಕೊಂಬೆಯೊಂದೇ ಮೈತುಂಬ ಹೂ ಬಿಟ್ಟಿತು. ಪಕ್ಕದ ಮನೆಯ ಮೇಷ್ಟ್ರು ಗೋಡೆಯಾಚೆಯಿಂದ, “ಮೊಗ್ಗೆಲ್ಲ ನೀವೇ ಕತ್ತರಿಸಿ ಹಾಕ್ತೀರಲ್ಲ ಸ್ವಾಮಿ, ಹೂ ಎಲ್ಲಿಂದ ಬರ್ಬೇಕು?” ಎಂದರು.

ಭಾವ ಗಂಭೀರವಾಗಿ ತಲೆಯಾಡಿಸಿದ. “ಓದಿದೋರು ಹೇಳಿದ್ಮೇಲೆ ಮುಗೀತು ಸಾರ್.” ಆಮೇಲೆ ಪೊರಕೆ ಹಿಡಿದು ನಿಂತಿದ್ದ ಅಕ್ಕನ ಕಡೆ ತಿರುಗಿ ಗದರಿದ: “ಎಂಟು ವರ್ಷದಿಂದ ನೋಡ್ಕೊಂಡೇ ಇದೀಯಲ್ಲ, ಇಷ್ಟು ಹೇಳೋಕೆ ನಿಂಗೆ ಬಾಯಿರ್ಲಿಲ್ವಾ?”